ಪಂಪಕ್ಕನ ಸೀಟು

ಹೊಳೆದಂಡೆಯ ಆ ಮಠಕ್ಕೆ ಬಾಗಿಲಿರಲಿಲ್ಲ, ಜೀಪು ಮಾತ್ರ ಇತ್ತು. ಯಾರೋ ಭಕ್ತರು ತಂದು ಬಿಟ್ಟುಹೋದ ಹಳೇ ಫೋರ್‌ವೀಲ್ ಜೀಪು. ಬೇವಿನ ಮರದ ಕೆಳಗೆ ನಿಂತು ನಿಂತು ಅದರ ಮೇಲೆ ಕೋಳಿಗಳು ಸಂಸಾರ ಹೂಡಿದ್ದವು.

ಎದುರಿಗೆ ಬಂಡೆಗುಡ್ಡ. ಅದರ ನೆತ್ತಿಯ ಗುಡಿಯಲ್ಲಿ ಶಿಷ್ಯ ಗಾದಿಲಿಂಗನ ಅಕ್ಕ ಪಂಪಕ್ಕ ಇದ್ದಳು. ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಅವನು ಮಠದ ಗುರುಗಳಾದ ತಾತನ ಬಳಿ ಕಲಿಯಲೆಂದು ಕೆಳಗಿಳಿದು ಬಂದಾಗ, ಗುಡಿಯ ದೀಪಕ್ಕೆ ಯಾರಾದರೂ ಬೇಕಲ್ಲ ಎಂದು ಅವಳು ಅಲ್ಲೇ ಉಳಿದಳು.

"ಬರೋ ಸುಗ್ಗಿಗೆ ಬಂದು ಕರ್ಕಂಡು ಹೋಗ್ತೀನಕ್ಕ," ಎಂದಿದ್ದ.

"ಕರ್ಕಂಡು ಹೋಗಾಕ ಬಾ. ಬರೇ ನೋಡಾಕ ಬರಬ್ಯಾಡ," ಎಂದಿದ್ದಳು.

ಒಂಬತ್ತು ಸುಗ್ಗಿ ಕಳೆದವು.

ದಿನಾ ಬೆಳಿಗ್ಗೆ ಗುಡ್ಡದ ಮೇಲೆ ಒಂದೆಳೆ ಹೊಗೆ ಏಳುತ್ತಿತ್ತು. ಅಕ್ಕ ಒಲೆ ಹಚ್ಚಿದಳು ಎಂದು ಅರ್ಥ. ಅದನ್ನು ಕಂಡ ಮೇಲೆಯೇ ಗಾದಿಲಿಂಗ ಬಾಯಿಗೆ ನೀರು ಹಾಕುತ್ತಿದ್ದ.

ಒಂದು ದಿನ ಕುರಿ ಕಾಯುವ ಮಾರೆಪ್ಪ ಗುಡ್ಡ ಇಳಿದು ಬಂದ.

"ಗಾದೀ, ನಿಮ್ಮಕ್ಕನ ಮಣಕಾಲು ಹೋದವಪ್ಪ. ದೀಪ ಹಚ್ಚಾಕ ಬ್ಯಾರೆಯವರು ಬಂದಾರ. ಆಕಿ ದಿನಾ ಬಂಡೆಗಲ್ಲಿನ ಮ್ಯಾಲೆ ಕುಂತು ಹೊಳಿ ನೋಡ್ತಾಳ. ಆ ನೀರಾಗ ಕಾಲಿಟ್ಟು ಎಷ್ಟು ವರ್ಷ ಆತು ಮಾರೆಪ್ಪ, ಅಂತಾಳ."

ಗಾದಿಲಿಂಗ ನೆಟ್ಟಗೆ ತಾತನ ಮುಂದೆ ಹೋಗಿ ನಿಂತ.

"ತಾತ, ಜೀಪು ಕೊಡ್ರಿ."

ತಾತ ಹುಟ್ಟಾ ತಾತ ಅಲ್ಲ. ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಗಣಿಯಲ್ಲಿ ಜೀಪು ಓಡಿಸಿದವರು. ಗುಡ್ಡವನ್ನೊಮ್ಮೆ, ಶಿಷ್ಯನನ್ನೊಮ್ಮೆ ನೋಡಿದರು.

"ತಗ. ಆದ್ರ ಅಲ್ಲಿಗೆ ದಾರಿ ಇಲ್ಲ, ಬರೇ ಕಲ್ಲು, ಕೊರಕಲು. ಸಿದ್ಧ ಮಾಡ್ಕಂಡು ಹೋಗು."

ಕೋಳಿಗಳನ್ನು ಓಡಿಸಿ ಗಾದಿಲಿಂಗ ಕೆಲಸಕ್ಕೆ ಕೂತ. ಎಣ್ಣೆ ಬದಲಿಸಿದ. ಇಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದ ಹಾಗೆ ದಪ್ಪ ತಗಡು ಕಟ್ಟಿದ. ಬ್ರೇಕು ಬಿಚ್ಚಿ ಜೋಡಿಸಿದ. ವಾರದಲ್ಲಿ ಜೀಪು ಗುರ್ರೆಂದಿತು.

ಆದರೂ ಹೊರಡಲಿಲ್ಲ.

"ಹಗ್ಗ ಹರದ್ರ?" ಎಂದು ಇನ್ನೊಂದು ಹಗ್ಗ ತಂದ. "ಸ್ಟೆಪ್ನಿನೇ ಪಂಚರ್ ಆದ್ರ?" ಎಂದು ಇನ್ನೊಂದು ಸ್ಟೆಪ್ನಿ. ಆಮೇಲೆ ಡೀಸೆಲ್ ಕ್ಯಾನು, ನೀರಿನ ಕ್ಯಾನು, ಹಾರೆ, ಸರಪಳಿ, ಹಲಗೆ, ಎರಡು ಜಾಕು. ಜಾಕು ಕೈಕೊಟ್ಟರೆ ಇರಲಿ ಎಂದು ಮೂರನೆಯದು.

ಎರಡು ತಿಂಗಳಾಯಿತು. ಮತ್ತೆ ಬಂದ ಮಾರೆಪ್ಪ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನಪ್ಪ ಗಾದೀ, ಗುಡ್ಡ ಹತ್ತಾಕ ಹೊಂಟೀಯೋ, ಗುಡ್ಡಾನ ಹೇರ್ಕಂಡು ಬರಾಕ ಹೊಂಟೀಯೋ?"

ಗಾದಿಲಿಂಗ ನಗಲಿಲ್ಲ. ಹೋಗಿ ತಾತನನ್ನು ಕರೆತಂದ.

"ಈಗ ಸಿದ್ಧ ಆತು ತಾತ. ಏನು ಬಂದ್ರೂ ನಿಲ್ಲಂಗಿಲ್ಲ."

ತಾತ ಕೋಲೂರಿಕೊಂಡು ಬಂದು ಡ್ರೈವರ್ ಪಕ್ಕದ ಸೀಟಿಗೆ ಕೈ ಹಾಕಿದರು. ಅಲ್ಲಿ ಕ್ಯಾನುಗಳಿದ್ದವು. ಹಿಂದಕ್ಕೆ ಹೋದರು. ಅಲ್ಲಿ ಎರಡು ಸ್ಟೆಪ್ನಿ, ಹಲಗೆ, ಸರಪಳಿಯ ಗುಡ್ಡೆ.

"ಎಲ್ಲಿ ಕುಂದ್ರಲಿ?"

"ನೀವೂ ಬರ್ತೀರೇನ್ರಿ ತಾತ?"

"ನಾನ್ಯಾಕ ಬರ್ಲಿ? ನನ್ನ ಮಣಕಾಲೂ ಹೋಗ್ಯಾವ ನೋಡು. ಅದಕ್ಕ ಕುಂತು ನೋಡಾನ ಅಂದೆ."

ಗಾದಿಲಿಂಗ ಜೀಪನ್ನೇ ನೋಡುತ್ತ ನಿಂತ. ಆಮೇಲೆ ಒಂದೊಂದಾಗಿ ಇಳಿಸತೊಡಗಿದ. ಒಂದು ಸ್ಟೆಪ್ನಿ, ಒಂದು ಜಾಕು, ಒಂದು ಹಗ್ಗ, ಕಾಲಲ್ಲಿ ಒತ್ತುವ ಗಾಳಿ ಪಂಪು, ಇಷ್ಟು ಉಳಿದಾಗ ತಾತ ಕೋಲೆತ್ತಿ ಸಾಕು ಎಂದರು.

ಖಾಲಿಯಾದ ಸೀಟಿನ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಕಂಠಮಟ ನೀರು ತುಂಬಿದ ಬಿಂದಿಗೆಯನ್ನು ತಾತ ಇಟ್ಟರು.

"ಹೊಳಿಗುಂಟ ಕಲ್ಲಿನ ಮ್ಯಾಲೆ ಒಂದು ಸುತ್ತು ಹೋಗಿ ಬಾ."

ಹೋಗಿ ಬಂದ. ಅರ್ಧ ಬಿಂದಿಗೆ ನೀರು ಸೀಟಿನ ಮೇಲಿತ್ತು.

"ಗಾಲಿಗೆ ಗಾಳಿ ಎಷ್ಟು ಹೊಡ್ದಿ?"

"ದಾರಿ ಕೆಟ್ಟದೈತಿ, ಗಟ್ಟಿ ಇರ್ಲಿ ಅಂತ ಪೂರ್ತಿ ಹೊಡ್ದೀನ್ರಿ."

ತಾತ ಮೊಣಕಾಲು ಹಿಡಿದುಕೊಂಡು ನಿಧಾನ ಕುಕ್ಕರಗಾಲಲ್ಲಿ ಕೂತರು. ಬೇವಿನ ಕಡ್ಡಿಯಿಂದ ವಾಲ್ವು ಒತ್ತಿದರು. ಗಾಳಿ ಬುಸ್ಸೆಂದಿತು. ನಾಲ್ಕೂ ಗಾಲಿಗಳ ಗಾಳಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಟೈರು ನೆಲಕ್ಕೆ ಅಗಲವಾಗಿ ಕೂತಿತು.

"ಗಟ್ಟಿ ಗಾಲಿ ಕಲ್ಲಿನ ಕೂಡ ಜಗಳಾಡ್ತೈತಿ," ಎಂದರು ತಾತ. "ಮೆತ್ತಗಿದ್ರ ಕಲ್ಲನ್ನ ತಬ್ಬಿ ಹತ್ತತೈತಿ. ಕೆಳಗ ಬಂದ ಮ್ಯಾಲೆ ಮತ್ತ ಪಂಪು ಹೊಡ್ಕ. ಈಗ ಹೋಗು, ಸಣ್ಣ ಗೇರಿನ್ಯಾಗ, ನಿಧಾನ."

ಬಿಂದಿಗೆ ತುಂಬಿಸಿ ಮತ್ತೆ ಹೋಗಿ ಬಂದ. ಈ ಸಲ ಚೆಲ್ಲಿದ್ದು ಒಂದು ಬೊಗಸೆ.

ಮರುದಿನ ಗುಡ್ಡದ ಮೇಲೆ ಹೊಗೆ ಎದ್ದಿತು. ಗಾದಿಲಿಂಗ ಮಿಂದು, ವಿಭೂತಿ ಹಚ್ಚಿ, ಜೀಪು ಚಾಲೂ ಮಾಡಿದ. ಜೀಪು ನಡುಗುತ್ತ ನಿಂತಿತು. ಮುಂದಕ್ಕೆ ಹೋಗಲಿಲ್ಲ.

ತಾತ ಹೊಳೆಯಿಂದ ಬಂದರು.

"ಏನಲೇ?"

"ಇನ್ನೊಂದು ಹಗ್ಗ ಇದ್ರ ಚಲೋ ಇತ್ತು ತಾತ."

"ಹಗ್ಗ ಐತಲ್ಲ."

ಗಾದಿಲಿಂಗ ಸ್ಟೇರಿಂಗು ಹಿಡಿದೇ ಗುಡ್ಡ ನೋಡಿದ. ಹೊಗೆ ತೆಳ್ಳಗಾಗುತ್ತಿತ್ತು.

"ತಾತ, ಅಕ್ಕ ಒಂಬತ್ತು ವರ್ಷ ಬಂಡೆಗಲ್ಲಿನ ಮ್ಯಾಲೆ ಕುಂತು ದಾರಿ ನೋಡ್ಯಾಳ. ಈಗ ಯಾಕ ಬಂದಿ, ನಾ ಬರಂಗಿಲ್ಲ ಹೋಗು ಅಂದ್ರ?"

ತಾತ ಹೆಗಲ ಮೇಲಿನ ಟವೆಲು ತೆಗೆದು, ನಿನ್ನೆ ನೀರು ಚೆಲ್ಲಿ ಇನ್ನೂ ಒದ್ದೆಯಿದ್ದ ಆ ಸೀಟನ್ನು ಮೂಲೆ ಮೂಲೆ ಬಿಡದೆ ಒರೆಸಿದರು. ಟವೆಲು ಹಿಂಡಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ಬರಂಗಿಲ್ಲ ಅಂದ್ರ ಖಾಲಿ ಸೀಟೇ ತಗಂಡು ಬಾ. ಅದರ ಮ್ಯಾಲೆ ಮಾತ್ರ ಮತ್ತೇನೂ ಹೇರಬ್ಯಾಡ."