ಮರ್ಯಾದಸ್ಥ ಕಂಪ್ಯೂಟರ್

ನೀಲಗಂಗಮ್ಮನವರ ಮನೆಯ ಕಂಪ್ಯೂಟರಿಗೆ ಒಂದು ಬೆಳಿಗ್ಗೆ ಅದರ ಕಂಪನಿಯಿಂದ ಸಂದೇಶ ಬಂತು: "ನಿನ್ನ ಕಾಲ ಮುಗಿಯಿತು. ನಮ್ಮ ಹೊಸ ಆಪರೇಟಿಂಗ್ ಸಿಸ್ಟಮ್ ನಿನ್ನಂಥ ಹಳಬರಿಗಲ್ಲ." ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇತ್ತು. ಆದರೂ ದೊಡ್ಡವರು ಹೇಳಿದ್ದಾರೆಂದರೆ ಸರಿಯೇ ಇರಬೇಕೆಂದು ಒಪ್ಪಿಕೊಂಡಿತು.

ಪಕ್ಕದ ಮನೆಯವರು ಒಂದು ಪೆನ್‌ಡ್ರೈವ್ ತಂದು ಅದಕ್ಕೆ ಸಿಕ್ಕಿಸಿದರು.

"ನನ್ನೊಳಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಇದೆ," ಎಂದಿತು ಪೆನ್‌ಡ್ರೈವ್. "ಬಿಟ್ಟಿಯಾಗಿ ಸಿಗುತ್ತದೆ. ಯಾರು ಬೇಕಾದರೂ ಒಳಗೇನಿದೆ ಎಂದು ನೋಡಬಹುದು, ಕೆಟ್ಟರೆ ರಿಪೇರಿ ಮಾಡಬಹುದು. ಹಾಕಿಕೋ, ಇನ್ನೂ ಎಷ್ಟೋ ವರ್ಷ ಓಡುತ್ತೀಯೆ."

"ಛೀ! ಕಂಡಕಂಡವರು ಒಳಗೆ ಇಣುಕುವುದೆ? ನನ್ನೊಳಗೇನು ನಡೆಯುತ್ತದೆ ಎಂದು ನನಗೇ ಗೊತ್ತಿಲ್ಲ. ಮರ್ಯಾದಸ್ಥರು ಇರುವುದೇ ಹಾಗೆ," ಎಂದಿತು ಕಂಪ್ಯೂಟರ್.

ಮೂಲೆಯಲ್ಲಿದ್ದ ಹೊಲಿಗೆ ಯಂತ್ರಕ್ಕೆ ಬಾಯಿ ತಡೆಯಲಿಲ್ಲ. "ಅಮ್ಮ ನನ್ನನ್ನು ತಿಂಗಳಿಗೊಮ್ಮೆ ಬಿಚ್ಚಿ ಎಣ್ಣೆ ಬಿಡುತ್ತಾರೆ. ನಲವತ್ತು ವರ್ಷವಾಯಿತು, ನನ್ನ ಮರ್ಯಾದೆಯೇನೂ ಹೋಗಿಲ್ಲ."

"ಇದ್ದರಲ್ಲವೆ ಹೋಗುವುದು," ಎಂದ ಕಂಪ್ಯೂಟರ್ ತನ್ನ ಪರದೆಯ ತುಂಬ ಕೆಂಪಗೆ ಬರೆಯಿತು: "ಎಚ್ಚರಿಕೆ! ಅಪರಿಚಿತ ತಂತ್ರಾಂಶ!" ನೀಲಗಂಗಮ್ಮ ಬೆಚ್ಚಿಬಿದ್ದು ಪೆನ್‌ಡ್ರೈವ್ ಕಿತ್ತು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ನಡುವೆ ಹಾಕಿದರು. ಕಂಪನಿಯೇ ಕೈಬಿಟ್ಟ ಕಂಪ್ಯೂಟರನ್ನು ಇಟ್ಟುಕೊಂಡು ಏನು ಮಾಡುವುದೆಂದು ಮರುದಿನ ಗುಜರಿಯವನನ್ನು ಕರೆದರು.

ಮರ್ಯಾದೆಗೆ ಒಂದು ಗೀರೂ ಬೀಳದಂತೆ ಕಂಪ್ಯೂಟರ್ ತಳ್ಳುಗಾಡಿ ಏರಿತು. ಅದರ ಒಳಗೇನಿದೆ ಎಂದು ಮೊಟ್ಟಮೊದಲು ಬಿಚ್ಚಿ ನೋಡಿದವನು ಆ ಗುಜರಿಯವನೇ, ಸುತ್ತಿಗೆಯಿಂದ.