ಮುಳ್ಳುಹಂದಿ, ಕರಡಿ ಮಾಡ್ಕೊಂಡ ವ್ಯಾಪಾರ

ಆ ಮುಳ್ಳುಹಂದಿ ಹತ್ರ ಕೂರೋನು ಅಂದ್ರೆ ಇಡೀ ಕಾಡಲ್ಲಿ ಕರಡಿ ಒಬ್ನೇ ಕಣ್ರೀ. ಒಂದಿನ ಕಾಡಿನ ಪಂಚಾಯ್ತಿಲಿ ಎರಡು ಮಾತು ಎದ್ದಿತ್ತು: ಮುಳ್ಳಿರೋರ ಮುಳ್ಳು ಕತ್ತರಿಸ್ಬೇಕು, ಹುಳಿತ ಇಪ್ಪೆಹೂವು ತಿಂದು ಅಮಲೇರಿಸ್ಕೊಳ್ಳೋರ್ನ ಓಡಿಸ್ಬೇಕು.

"ನನ್ನ ಮುಳ್ಳಿನ ಪರ ನೀನು ಕೈ ಎತ್ತು, ನಿನ್ನ ಅಮಲಿನ ಪರ ನಾನೆತ್ತೀನಿ," ಅಂದ ಮುಳ್ಳುಹಂದಿ.

"ನಿನ್ನ ಮುಳ್ಳು ಕಂಡ್ರೆ ನಂಗೂ ಭಯ ಕಣೋ," ಅಂದ ಕರಡಿ.

"ನಿನ್ನ ತೂರಾಟ ಕಂಡ್ರೆ ನಂಗೇನು ಖುಷಿನಾ? ಸುಮ್ನೆ ಎತ್ತು."

ಒಂದೊಂದೇ ಕೈ ಹೆಚ್ಚಾಗಿ ಇಬ್ರೂ ಗೆದ್ರು; ಮುಳ್ಳೂ ಉಳೀತು, ಅಮಲೂ ಉಳೀತು. ಕರಡಿ ಹೊಟ್ಟೆ ಬಿರಿಯೋ ಹಂಗೆ ಹೂವು ತಿಂದು, ತೂರಾಡ್ಕೊಂಡು ಬಂದು, "ನೀನೇ ಕಣೋ ನನ್ನ ದೋಸ್ತು," ಅಂತ ಮುಳ್ಳುಹಂದೀನ ತಬ್ಕೊಂಡ. ಎದೆ ತುಂಬ ಮುಳ್ಳು ಚುಚ್ಕೊಂಡು ಅರಚ್ತಾ ಓಡ್ದ.

ಈಗ ಕರಡಿ ಇಪ್ಪೆಮರದಡಿ ಒಬ್ನೇ ತಿಂತಾನೆ. ಮುಳ್ಳುಹಂದಿ ಯಾರೂ ಬರದ ಬಿಲದ ಬಾಗಿಲಲ್ಲಿ ಮುಳ್ಳು ಸೆಟೆಸ್ಕೊಂಡು ಕಾವಲು ಕೂತಿದಾನೆ.