ತಾರಸಿಯ ಬಾಗಿಲಿಗೆ ಬೀಗ

"ಗುರುಗಳೇ, ಸಬ್ಬತ್ ಬಂತೆಂದರೆ ನನಗೆ ಭಯ. ಹೆಂಡತಿ ಮರೆತು ಒಲೆ ಹಚ್ಚಿಯಾಳು, ಮಕ್ಕಳು ಏನಾದರೂ ತಪ್ಪು ಮಾಡಿಯಾರು ಎಂದು ಇಡೀ ದಿನ ಅವರ ಹಿಂದೆಯೇ ಸುತ್ತುತ್ತೇನೆ. ಈ ಭಯವೂ ಭಕ್ತಿಯೇ ಅಲ್ಲವೇ?"

ಹೀಗೆ ಕೇಳಿದವನು ಎಲ್ಕಾನ ಎಂಬ ಯೆಹೂದಿ ಶಿಷ್ಯ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವವರೆಗೆ ಅವರಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಅದು ಸಬ್ಬತ್, ವಿಶ್ರಾಂತಿಯ ದಿನ. ಗುರು ಅವನನ್ನು ಕೂರಿಸಿ ಹೀಗೆ ಹೇಳಿದರು.

ಮುಂಬೈಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಒಬ್ಬನಿದ್ದ. ಹೆಸರು ಅಬ್ನೇರ್. ನಮ್ಮವನೇ. ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಅವನ ಮನೆ. ಹೆಂಡತಿ ಯಾಯೇಲ್. ಅವಳ ತಾಯಿ ಮಿಲ್ಕಾಬಾಯಿಯೂ ಅವರ ಜೊತೆಗೇ ಇದ್ದಳು. ತಾರಸಿಯ ಮೇಲೆ ಒಡೆದ ಬಕೆಟ್ಟು, ಬಣ್ಣದ ಡಬ್ಬ, ಹಳೆಯ ಟಬ್ಬುಗಳಿಗೆ ಮಣ್ಣು ತುಂಬಿ ಮೆಂತ್ಯ, ಕೊತ್ತಂಬರಿ, ಬದನೆ, ಟೊಮೆಟೊ ಬೆಳೆಸಿದವಳು ಮಿಲ್ಕಾಬಾಯಿಯೇ. ಶುಕ್ರವಾರ ಸಂಜೆಯ ಊಟಕ್ಕೆ ಆ ಮನೆಗೆ ಪೇಟೆಯ ಸೊಪ್ಪು ಬರುತ್ತಿರಲಿಲ್ಲ.

ವಯಸ್ಸಾದಂತೆ ಆಕೆಗೆ ನೆನಪು ಹೋಗತೊಡಗಿತು. ಮೊದಲು ನೆರೆಯವರ ಹೆಸರು ಹೋಯಿತು, ಆಮೇಲೆ ವಾರಗಳು ಹೋದವು. ಜೀವಮಾನವಿಡೀ ಸಬ್ಬತ್ ಪಾಲಿಸಿದ್ದವಳಿಗೆ ಶನಿವಾರ ಯಾವುದು, ಸೋಮವಾರ ಯಾವುದು ತಿಳಿಯದಾಯಿತು. ಗಿಡಗಳನ್ನು ಮಾತ್ರ ಮರೆಯಲಿಲ್ಲ. ದಿನಾ ಬಿಸಿಲೇರುವ ಹೊತ್ತಿಗೆ ಚೊಂಬು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಶನಿವಾರವೂ ಹತ್ತಿದಳು.

ಗಿಡಕ್ಕೆ ನೀರೆರೆಯುವುದು ಬೇಸಾಯದ ಕೆಲಸ, ಸಬ್ಬತ್ತಿನಲ್ಲಿ ಕೂಡದು. ಬೇರೆ ಸಮಯವಾಗಿದ್ದರೆ ಅಬ್ನೇರ್ ಅಷ್ಟು ಹೆದರುತ್ತಿರಲಿಲ್ಲವೇನೋ. ಆಗ ಯಾಯೇಲ್ ಬಸುರಿ. ಹಿಂದೆ ಒಮ್ಮೆ ಗರ್ಭ ಇಳಿದುಹೋಗಿತ್ತು. ತನ್ನ ಸೂರಿನಡಿ ನಡೆದ ತಪ್ಪು ಹುಟ್ಟಲಿರುವ ಮಗುವಿನ ಮೇಲೆ ಬಿದ್ದೀತೆಂದು ಅವನಿಗೆ ಅನಿಸಿತು. ಅದನ್ನು ಹೆಂಡತಿಗೆ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಹಾಗೇ ಆಗಿಬಿಟ್ಟೀತೆಂದು ಹೆದರಿದ.

ಅತ್ತೆಗೆ ತಿಳಿಹೇಳಿದ. ಆಕೆ ತಲೆಯಾಡಿಸಿದಳು, ಮರುಗಳಿಗೆಗೆ ಮರೆತಳು. ಚೊಂಬು ಅಡಗಿಸಿಟ್ಟ. ಆಕೆ ಲೋಟದಲ್ಲಿ ನೀರು ಒಯ್ದಳು. ಅಮ್ಮನಿಗೆ ಏನೂ ತಿಳಿಯದು, ಬಿಟ್ಟುಬಿಡಿ ಎಂದು ಯಾಯೇಲ್ ಬೇಡಿಕೊಂಡಳು. ಅವರಿಗೆ ತಿಳಿಯದಿದ್ದರೇನು, ನನಗೆ ತಿಳಿದಿದೆಯಲ್ಲ ಎಂದ. ಗುರುವಾರದಿಂದಲೇ ಅವನಿಗೆ ತಳಮಳ ಶುರುವಾಗುತ್ತಿತ್ತು. ಶುಕ್ರವಾರ ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಕೂರಿಸುತ್ತಿದ್ದ. ಸಂಜೆ ದ್ರಾಕ್ಷಾರಸದ ಬಟ್ಟಲೆತ್ತಿ ಸ್ತುತಿ ಹೇಳುವಾಗಲೂ ಕಿವಿ ಮೆಟ್ಟಿಲ ಕಡೆಗಿರುತ್ತಿತ್ತು. ಕಡೆಗೊಂದು ಶುಕ್ರವಾರ, ಹೊತ್ತಿರುವಾಗಲೇ ಗಿಡಗಳಿಗೆಲ್ಲ ತಾನೇ ನೀರು ಹಾಕಿ, ತಾರಸಿಯ ಬಾಗಿಲಿಗೆ ಬೀಗ ಜಡಿದ.

ಅದು ಮೇ ತಿಂಗಳು. ಮಾರನೆಯ ದಿನ ಬಿಸಿಲು ಬಹಳ ಇತ್ತು. ಮಿಲ್ಕಾಬಾಯಿ ಲೋಟ ಹಿಡಿದು ಹತ್ತಿದಳು, ಬಾಗಿಲು ತಳ್ಳಿದಳು, ತೆರೆಯಲಿಲ್ಲ. ತಟ್ಟಿದಳು. ಆಮೇಲೆ ಮೇಲಿನ ಮೆಟ್ಟಿಲಲ್ಲಿ ಕುಳಿತುಬಿಟ್ಟಳು. ಯಾಯೇಲ್ ಊಟಕ್ಕೆ ಕರೆದರೆ ಬರಲಿಲ್ಲ. ಕುಡಿಯಲು ನೀರು ತಂದುಕೊಟ್ಟರೆ ಕುಡಿಯದೆ ತನ್ನ ಲೋಟಕ್ಕೆ ಸುರಿದುಕೊಂಡಳು. ಮಧ್ಯಾಹ್ನ ಕಳೆಯಿತು. ಬಸುರಿ ಹೆಂಡತಿ ಆ ಕಡಿದಾದ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿ ಇಳಿಯುವುದನ್ನು ಅಬ್ನೇರ್ ನೋಡಿದ. ಅವಳಿಗೆ ಏದುಸಿರು ಬರುತ್ತಿತ್ತು. ಯಾವ ಭಯಕ್ಕೆ ಬೀಗ ಹಾಕಿದ್ದನೋ ಆ ಭಯ ಈಗ ಬಾಗಿಲ ಈಚೆಗೇ ಇತ್ತು.

ಅವನೇ ಮೇಲೆ ಹೋಗಿ ಅತ್ತೆಯ ಪಕ್ಕ ಕುಳಿತ. ಒಂದು ದಿನ ನೀರಿಲ್ಲದಿದ್ದರೆ ಗಿಡ ಸಾಯುವುದಿಲ್ಲ, ಇವತ್ತು ನೀರು ಕೊಡಬಾರದೆಂಬ ನಿಯಮವಿದೆ ಎಂದು ಮೆಲ್ಲಗೆ ಹೇಳಿದ.

ಮಿಲ್ಕಾಬಾಯಿ ಅವನ ಮುಖ ನೋಡಿದಳು. ಅವನು ಯಾರೆಂದು ಆಕೆಗೆ ಗುರುತು ಸಿಗಲಿಲ್ಲ.

"ಡಾಕ್ಟರೂ ಹೀಗೇ ಅಂದಿದ್ದರು," ಎಂದಳು. "ವಾಂತಿಭೇದಿ ಆಗಿದೆ, ಮಗುವಿಗೆ ನೀರು ಕೊಡಬೇಡ ಅಂದರು. ಅದು ರಾತ್ರಿಯೆಲ್ಲ ನೀರು ಕೇಳಿತು. ನಾನು ಕೊಡಲಿಲ್ಲಪ್ಪ. ಬೆಳಿಗ್ಗೆ ಕೇಳಲಿಲ್ಲ."

ಮೆಟ್ಟಿಲ ಕೆಳಗೆ ನಿಂತಿದ್ದ ಯಾಯೇಲ್‌ಗೂ ಆ ಮಾತು ಕೇಳಿಸಿತು. ತನಗಿಂತ ಮೊದಲು ಒಂದು ಮಗುವಿತ್ತೆಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವಳು ಗೋಡೆ ಹಿಡಿದು ಅಲ್ಲೇ ಕುಳಿತಳು.

ಅಬ್ನೇರ್ ಒಳಗೆ ಹೋಗಿ ಬೀಗದ ಕೈ ತಂದ. ಬಾಗಿಲು ತೆಗೆದ. ಅವನು ಗಿಡ ಮುಟ್ಟಲಿಲ್ಲ, ನಲ್ಲಿಯನ್ನೂ ಮುಟ್ಟಲಿಲ್ಲ. ಅತ್ತೆ ಬೀಳದಂತೆ ಮೊಣಕೈ ಹಿಡಿದು ಒಂದು ಟಬ್ಬಿನಿಂದ ಇನ್ನೊಂದರ ಬಳಿಗೆ ನಡೆಸಿಕೊಂಡು ಹೋದ. ಲೋಟ ಬರಿದಾದಾಗ ಆಕೆಯೇ ನಲ್ಲಿಗೆ ಹೋದಳು. ಅವನು ಕಣ್ಣು ಮುಚ್ಚಿ ನಿಂತ. ಕೊನೆಯ ಟಬ್ಬಿಗೂ ನೀರು ಹಾಕಿದ ಮೇಲೆ, ಇನ್ನು ಇವು ನಿದ್ದೆ ಮಾಡುತ್ತವೆ ಎಂದು ಹೇಳಿ, ಆಕೆ ಕೆಳಗಿಳಿದು ಬಂದು ಊಟ ಮಾಡಿದಳು.

ಮಳೆಗಾಲದಲ್ಲಿ ಆ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು, ಉಳಿಯಿತು. ಆದರೆ ಅಬ್ನೇರ್ ನನ್ನ ಬಳಿ ಬಂದದ್ದು ಅದಕ್ಕೆಷ್ಟೋ ಮೊದಲು, ಬಾಗಿಲು ತೆಗೆದ ಮಾರನೆಯ ಬೆಳಿಗ್ಗೆಯೇ. ಮಗು ಉಳಿಯುವುದೆಂದು ಆಗ ಅವನಿಗೆ ಗೊತ್ತಿರಲಿಲ್ಲ. ತಿಳಿದೂ ತಿಳಿದೂ ಸಬ್ಬತ್ ಮುರಿಯಲು ದಾರಿ ಮಾಡಿಕೊಟ್ಟೆ, ಇದಕ್ಕೆ ಏನು ಪ್ರಾಯಶ್ಚಿತ್ತ ಎಂದು ಕೇಳಿದ. ಉಪವಾಸ ಮಾಡಲೇ, ದಾನ ಕೊಡಲೇ, ಗಿಡಗಳನ್ನೆಲ್ಲ ಕಿತ್ತುಹಾಕಲೇ ಎಂದ. ಹೇಳುತ್ತ ಹೇಳುತ್ತ ಅತ್ತ.

ಗುರು ಅಲ್ಲಿಗೆ ಮಾತು ನಿಲ್ಲಿಸಿದರು. ಎಲ್ಕಾನ ಕೇಳಿದ:

"ನೀವು ಅವನಿಗೆ ಏನು ವಿಧಿಸಿದಿರಿ, ಗುರುಗಳೇ?"

"ಶುಕ್ರವಾರ ಹೊತ್ತು ಮುಳುಗುವ ಮುಂಚೆಯೇ ತಾರಸಿಯಲ್ಲಿ ಅತ್ತೆಯ ಕೈಗೆಟಕುವಂತೆ ನೀರು ತುಂಬಿಸಿಡು ಎಂದೆ."